ಮಿಶಾ ಎಂಬ ಎರಡಕ್ಷರ

ಸಿದ್ದರಾಮೇಶನ ತಲೆ ಕೆಡಿಸಿದ್ದು ಮೊಬೈಲು. ಆಳಂದದಿಂದ ನಿಂಬರ್ಗಾಕ್ಕೆ ಟಂಟಂ ಆಟೊ ಓಡಿಸುವ ಅವನು, ಸೀಟು ತುಂಬುವವರೆಗೆ ಸ್ಟ್ಯಾಂಡಿನಲ್ಲಿ ಅದನ್ನು ಉಜ್ಜುತ್ತ ಕೂರುತ್ತಿದ್ದ. ಹಾಗೆ ಉಜ್ಜುವಾಗ ಒಂದು ದಿನ ಅದು ಹೆಣ್ಣುಮಗುವಿಗೆಂದು ಒಂದು ಹೆಸರು ಉಗುಳಿತು. ಮಿಶಾ. ಅರ್ಥ, ಸದಾ ನಗುವವಳು.

ಅವನಿಗೆ ಅರ್ಥಕ್ಕಿಂತ ಅಳತೆ ಹಿಡಿಸಿತು. ಅವನ ಸ್ವಂತ ಹೆಸರನ್ನು ಊರಿನವರು ಕಬ್ಬು ಕಡಿದ ಹಾಗೆ ಕಡಿದು, ಸೋಗೆ ಒಂದು ಕಡೆ ಬುಡ ಒಂದು ಕಡೆ ಎಸೆದು, ನಡುವೆ ‘ಸಿದ್ದ್ಯಾ’ ಎಂಬ ತುಂಡೊಂದನ್ನು ಉಳಿಸಿದ್ದರು. ಮಗಳಿಗೆ ಆ ಗತಿ ಬರಬಾರದು. ಎರಡೇ ಅಕ್ಷರ ಇದ್ದರೆ ಯಾವ ಮಗ ಏನು ಕಡಿಯುತ್ತಾನೋ ನೋಡೇ ಬಿಡೋಣ ಎಂದು ಅವನ ಹಟ.

ತಾಯಿ ರೇವಮ್ಮನದು ಬೇರೆ ಹಟ. ತನ್ನ ಅತ್ತೆ ಗುರುಶಾಂತಮ್ಮ ತೀರಿಕೊಂಡ ಮೇಲೆ ಮನೆಯಲ್ಲಿ ಹುಟ್ಟಿದ ಮೊದಲ ಹೆಣ್ಣು ಇದು. ಅತ್ತೆಯೇ ತಿರುಗಿ ಬಂದಿದ್ದಾರೆ, ಅವರ ಹೆಸರೇ ಇಡಬೇಕು ಎಂದು ಆಕೆ ಊಟ ಬಿಟ್ಟು ಕೂತಿದ್ದಳು. ನನ್ನ ಹೆಂಡತಿ ಹಡೆದದ್ದು ಮಗಳನ್ನು, ಮುದುಕಿಯನ್ನಲ್ಲ ಎಂದು ಸಿದ್ದರಾಮೇಶ ಬಾಗಿಲು ಬಡಿದ. ಹೆಂಡತಿ ಪಲ್ಲವಿ ಜಾಣೆ. ಬಾಣಂತಿಗೆ ಜಗಳ ಒಳ್ಳೆಯದಲ್ಲ ಎಂದು ಗೋಡೆಯ ಕಡೆ ಹೊರಳಿ ಮಲಗಿದಳು.

ಹೆಸರಿಡುವ ತೊಟ್ಟಿಲ ಕಾರ್ಯದ ದಿನ ಬಂತು. ಬೆಳಿಗ್ಗೆ ಪಕ್ಕದ ಮನೆಯ ಜಯಮಾಲಾ ಹಿತ್ತಾಳೆ ಪಾತ್ರೆ ಕೊಡಲು ಬಂದಳು. ಆಕೆಯ ತವರು ಅಕ್ಕಲಕೋಟೆ ಕಡೆ, ಮನೆಮಾತು ಮರಾಠಿ. ಹೆಸರು ಏನಿಡುತ್ತೀರಿ ಎಂದು ಕೇಳಿದ್ದಕ್ಕೆ ಸಿದ್ದರಾಮೇಶ ಎದೆಯುಬ್ಬಿಸಿ ಹೇಳಿದ. ಆಕೆ ಪಾತ್ರೆಯನ್ನು ನೆಲಕ್ಕಿಟ್ಟು, ಸೆರಗನ್ನು ಬಾಯಿಗೆ ತುರುಕಿಕೊಂಡು ಹೊಸ್ತಿಲ ಮೇಲೆಯೇ ಕುಸಿದಳು.

“ಯಣ್ಣಾ, ನಮ್ಮ ಕಡಿ ಮಿಶಾ ಅಂದ್ರ ಮೀಸಿ. ಅದೂ ಒಂದಲ್ರಿ, ಜೋಡಿ ಮೀಸಿ.”

ಸಿದ್ದರಾಮೇಶನ ಮುಖ ಹೊಗೆ ಕುಡಿದ ಹಂಚಿನಂತಾಯಿತು. ಇದು ಆಳಂದ, ನಿಮ್ಮ ಮರಾಠಿ ಇಲ್ಲಿ ನಡೆಯುವುದಿಲ್ಲ ಎಂದು ಗದರಿ ಹೊರಬಿದ್ದ. ಎದುರು ಕಟ್ಟೆಯ ಮೇಲೆ ಕಲ್ಯಾಣಪ್ಪ ಕೂತಿದ್ದ. ಮಿಲಿಟರಿಯಲ್ಲಿ ರಷ್ಯಾದ ಟ್ಯಾಂಕು ಓಡಿಸಿ ಬಂದವನು, ಕೇಳದಿದ್ದರೂ ಹೇಳುವವನು.

“ಏ ತಮ್ಮಾ, ಅದು ರಷ್ಯಾದಾಗ ಗಂಡಸರ ಹೆಸರು. ಮಿಖಾಯಿಲ ಅನ್ನೂದನ್ನ ಕತ್ತರಿಸಿ ಮಿಶಾ ಮಾಡ್ತಾರ. ಕರಡೀಗೂ ಹಂಗ ಅಂತಾರ ಮತ್ತ.”

ಯಾರೂ ಕಡಿಯಲಾರರು ಎಂದು ಹುಡುಕಿ ತಂದ ಹೆಸರನ್ನು ಯಾವನೋ ಮೊದಲೇ ಕಡಿದು ಕಳಿಸಿದ್ದ. ಕೊನೆಯ ಆಸೆ ಬಳೆ ಮಾರುವ ಕುಲಸುಮಬಿ. ನಿಮ್ಮ ಉರ್ದುವಿನಲ್ಲಾದರೂ ಇದಕ್ಕೊಂದು ಒಳ್ಳೆಯ ಅರ್ಥ ಹೇಳು ಖಾಲಾ ಎಂದು ಅವನು ಗೋಗರೆದ. ಆಕೆ ತುಂಬ ಹೊತ್ತು ಬಳೆ ಎಣಿಸಿದಂತೆ ಯೋಚಿಸಿದಳು.

“ಅರ್ಥ ಏನಿಲ್ಲ ಬೇಟಾ. ಹಮೇಶಾ ಅಂತ ಹೇಳಾಕ ಹೋಗಿ ನಡುವ ಸೀನು ಬಂದಂಗ ಕೇಳಸ್ತದ, ಅಷ್ಟೇ.”

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಓಣಿ ದಾಟಿ ಸ್ಟ್ಯಾಂಡು ಮುಟ್ಟಿತ್ತು. ಟಂಟಂನವರೆಲ್ಲ ಅವನನ್ನು ಕಂಡೊಡನೆ ಮಾತಿಲ್ಲದೆ ಮೀಸೆ ತಿರುವಿದರು. ಮೀಸೆ ಇಲ್ಲದವರು ಬರೀ ತುಟಿ ತಿರುವಿದರು. ಕಟಿಂಗ್ ಅಂಗಡಿಯವನು ಹೊರಗೆ ಬಂದು, ಮಗಳನ್ನು ಕರೆದುಕೊಂಡು ಬಾ, ಮೊದಲ ಸಲ ಪುಕ್ಕಟೆ ಎಂದ. ಅಕ್ಕ ವಿಜಯಶ್ರೀಯನ್ನು ಕರೆತರಲು ಹೋದರೆ, ಆಕೆ ಅಫಜಲಪುರದ ಬಸ್ಸಿನಿಂದ ಇಳಿಯುವಾಗಲೇ ನಗುತ್ತಿದ್ದಳು. ಮಗುವಿನ ಕಿವಿಯಲ್ಲಿ ಹೆಸರು ಹೇಳುವ ಹಕ್ಕು ಸೋದರತ್ತೆಯದು. “ಮೀಸಿ ಅಂತ ಹೇಳಾಕ ನನಗ ನಾಚಿಕಿ ಬರ್ತದೋ ತಮ್ಮಾ” ಎಂದಳು.

ಸಂಜೆ ಹೆಂಗಸರು ತೊಟ್ಟಿಲ ಸುತ್ತ ಸೇರಿದರು. ಸಿದ್ದರಾಮೇಶ ಇನ್ನೂ ಸೋತಿರಲಿಲ್ಲ. ಹಲ್ಲು ಕಚ್ಚಿಕೊಂಡು ತೊಟ್ಟಿಲ ಬಟ್ಟೆ ಸರಿಸಿದ. ಒಳಗೆ ಅವನ ಮಗಳು ಅವನನ್ನೇ ದಿಟ್ಟಿಸುತ್ತಿದ್ದಳು, ಫೌಜುದಾರನ ಹಾಗೆ. ಕಣ್ಣಿಗೆ ಹಚ್ಚಬೇಕಾದ ಕಾಡಿಗೆಯಲ್ಲಿ ಯಾರೋ ಮಗುವಿನ ಮೂಗಿನ ಕೆಳಗೆ ಎರಡು ಹುರಿಮೀಸೆ ಬರೆದಿದ್ದರು.

ನಗು ಮಾಳಿಗೆಗೆ ಬಡಿಯಿತು. ಪಲ್ಲವಿಯೂ ಹೊಟ್ಟೆ ಹಿಡಿದುಕೊಂಡಳು. ಸಿದ್ದರಾಮೇಶನ ಪಿತ್ತ ನೆತ್ತಿಗೇರಿತು.

“ಸಾಕು ಬಿಡ್ರಿ. ಶರಣಬಸಪ್ಪನ ಆಣಿ, ಇನ್ನ ಆ ಶಬ್ದ ನನ್ನ ಬಾಯಾಗ ಬಂದ್ರ ಮತ್ತ ಟಂಟಂ ಮುಟ್ಟೂದಿಲ್ಲ. ಅಜ್ಜಿ ಹೆಸರ ಇಡ್ರಿ.”

ನಗು ನಿಂತಿತು. ರೇವಮ್ಮ ಮಗನ ಮುಖ ಸವರಿ ಕಣ್ಣೀರು ತೆಗೆದಳು. ವಿಜಯಶ್ರೀ ಮಗುವಿನ ಮೀಸೆ ಒರೆಸಿ, ಕಿವಿಗೆ ಬಾಯಿಟ್ಟು ‘ಕುರ್‍ರ್’ ಎಂದು ಗುರುಶಾಂತಮ್ಮ ಎಂಬ ಹೆಸರು ಹೇಳಿದಳು. ಹೆಂಗಸರು ರೂಢಿಯಂತೆ ಆಕೆಯ ಬೆನ್ನಿಗೆ ಧಬಧಬ ಗುದ್ದಿದರು. ಗುಗ್ಗರಿ ಹಂಚಿಕೆಯಾಯಿತು. ಸೋತರೂ ಒಂದು ಮಾನ ಉಳಿಯಿತೆಂದು ಸಿದ್ದರಾಮೇಶ ಬಾಯಿತುಂಬ ಗುಗ್ಗರಿ ಹಾಕಿಕೊಂಡ.

ಆಗ ಮಗು ಅಳತೊಡಗಿತು.

ಪಲ್ಲವಿ ತೊಟ್ಟಿಲು ತೂಗುತ್ತ ಬಾಯಿ ತೆರೆದಳು, ಮುಚ್ಚಿದಳು. ಗಂಡನ ಅಜ್ಜಿಯ ಹೆಸರು. ಸೊಸೆಯಾದವಳು ಅದನ್ನು ಹೇಗೆ ಆಡಿಯಾಳು? ಅತ್ತೆಯ ಮುಖ ನೋಡಿದಳು. ರೇವಮ್ಮನೂ ತುಟಿ ಬಿಗಿದು ನಿಂತಿದ್ದಳು. ಈ ಮನೆಗೆ ಕಾಲಿಟ್ಟಂದಿನಿಂದ ಆಕೆ ಅತ್ತೆಯ ಹೆಸರನ್ನು ಬಾಯಿಬಿಟ್ಟು ಆಡಿದವಳಲ್ಲ. ಓಣಿಯ ಅರ್ಧ ಹೆಂಗಸರು ಸಂಬಂಧದಲ್ಲಿ ಆ ಮುದುಕಿಗೆ ಸೊಸೆಯರೇ. ಹೆಸರು ತೊಟ್ಟಿಲಲ್ಲಿತ್ತು, ಎತ್ತುವವರು ಇರಲಿಲ್ಲ. ಮನೆಯ ಹೆಂಗಸರಲ್ಲಿ ಹೇಳಬಲ್ಲವಳು ವಿಜಯಶ್ರೀ ಒಬ್ಬಳೇ. ಆಕೆಗೆ ಬೆಳಿಗ್ಗೆ ಅಫಜಲಪುರದ ಬಸ್ಸು.

ಮಗು ಕಿರುಚಿತು. ಜಯಮಾಲಾಗೆ ತಡೆಯಲಾಗಲಿಲ್ಲ. ತೊಟ್ಟಿಲಿಗೆ ಬಾಗಿ, ಮೆಲ್ಲಗೆ, “ಮಿಶಾ, ಏ ಮಿಶಾ” ಎಂದಳು.

ಮಗು ಗಪ್ಪಾಯಿತು. ಆಮೇಲೆ ನಕ್ಕಿತು.

ಮುಗಿದೇ ಹೋಯಿತು. ಕುಲಸುಮಬಿ ಕರೆದಳು, ಕಲ್ಯಾಣಪ್ಪ ಬಾಗಿಲಿಂದಲೇ ಕರೆದ, ಪಲ್ಲವಿ ಮುದ್ದಿಸಿ ಕರೆದಳು. ರೇವಮ್ಮ ಕೂಡ, ದೊಡ್ಡ ಹೆಸರು ದೇವರಿಗೆ ಇರಲಿ, ಕರೆಯಲು ಇದು ಹಗುರ ಅದ ಎಂದಳು. ಸಿದ್ದರಾಮೇಶ ಕೆಂಡವಾದ. ಇಟ್ಟ ಹೆಸರು ಬಿಟ್ಟು ಬೇರೆ ಕರೆಯಬಾರದು, ನಾನು ಕರೆದು ತೋರಿಸುತ್ತೇನೆ ಎಂದು ತೊಟ್ಟಿಲಿಗೆ ಬಾಗಿದ.

“ಗುರುಶಾಂತಮ್ಮ, ನಗೂದ ಸಾಕು, ಮಲಕ್ಕೋ ಬೇ.”

ಬೆನ್ನ ಮೇಲೆ ತಾಯಿಯ ಏಟು ಬಿತ್ತು. “ನಮ್ಮತ್ತಿಗಿ ಬೇ ಅಂತೀ ಏನಲೇ? ಇನ್ನೊಮ್ಮಿ ಆ ಹೆಸರ ಹಿಡದು ಕರದೀ ಅಂದ್ರ ನೋಡು.”

ಈಗ ಮಗಳು ಅಂಗಳದಲ್ಲಿ ಅಂಬೆಗಾಲಿಡುತ್ತಾಳೆ. ಓಣಿಯ ಯಾರು ‘ಮಿಶಾ’ ಎಂದರೂ ಹೊರಳಿ ನೋಡುತ್ತಾಳೆ. ಅಪ್ಪ ಮಾತ್ರ ಟಂಟಂ ನಿಲ್ಲಿಸಿ, ಅತ್ತ ಇತ್ತ ನೋಡಿ, ಸೀಟಿ ಹೊಡೆಯುತ್ತಾನೆ. ಮಗಳಿಗಿಂತ ಮೊದಲು ಓಣಿಯ ನಾಯಿಗಳು ಬಾಲ ಅಲ್ಲಾಡಿಸುತ್ತ ಓಡಿ ಬರುತ್ತವೆ.