ಬೆಂದ ಆಲೂಗಡ್ಡೆಯ ಉಪಕಾರ

ಮಕ್ಕಳು ಪಾಠದ ಪುಸ್ತಕ ಹಿಡಿದು ಎದುರು ನಿಂತಾಗ "ನನಗೆ ಗೊತ್ತಿಲ್ಲ ಕಣಮ್ಮ" ಎನ್ನುವ ಅಪ್ಪಂದಿರನ್ನು ಕಂಡರೆ ನನಗೆ ಬಹಳ ಗೌರವ. ನನಗಂತೂ ಆ ಧೈರ್ಯವಿಲ್ಲ. ಕಚೇರಿಯಲ್ಲಿ ದಿನಕ್ಕೆ ಹತ್ತು ಸಲ "ಅದು ನನ್ನ ಸೆಕ್ಷನ್ ಅಲ್ಲ ಸಾರ್" ಎಂದು ನಿಶ್ಚಿಂತೆಯಾಗಿ ಹೇಳುವ ನಾನು, ಮನೆಗೆ ಬಂದು ಚಪ್ಪಲಿ ಬಿಟ್ಟೊಡನೆ ಸಕಲ ಶಾಸ್ತ್ರಗಳಲ್ಲೂ ಪಂಡಿತನಾಗಿಬಿಡುತ್ತೇನೆ.

ಒಂಬತ್ತನೇ ಕ್ಲಾಸಿನ ಮಗಳು ಸಹನಾ ಒಂದು ಭಾನುವಾರ ಬೆಳಿಗ್ಗೆ ಬಂದು, "ಅಪ್ಪಾ, ನಾಳೆ ಕ್ಲಾಸಲ್ಲಿ ಆಸ್ಮೋಸಿಸ್ ಮಾಡಿ ತೋರಿಸ್ಬೇಕು. ಈ ಸಲನಾದ್ರೂ ಮರ್ಯಾದೆ ಉಳಿಸು" ಎಂದಳು. ಹೋದ ಸಲ ನಾನು ಮಾಡಿಕೊಟ್ಟ ಕರೆಗಂಟೆ ಎಷ್ಟು ಒತ್ತಿದರೂ ಸದ್ದು ಮಾಡಿರಲಿಲ್ಲ. ಆ ಸದ್ದನ್ನು ಇಡೀ ಕ್ಲಾಸೇ ಮಾಡಿ, ಇವಳು ಅತ್ತುಕೊಂಡು ಮನೆಗೆ ಬಂದಿದ್ದಳು.

ಪುಸ್ತಕ ತೆಗೆದು ನೋಡಿದೆ. ಜೀವಕೋಶದ ಪೊರೆಯ ಮೂಲಕ ಬರಿಯ ನೀರು ಗಟ್ಟಿ ದ್ರಾವಣದ ಕಡೆಗೆ ಹರಿಯುತ್ತದಂತೆ. ಆಲೂಗಡ್ಡೆಯ ಸಿಪ್ಪೆ ತೆಗೆದು, ಮೇಲೆ ಗುಳಿ ತೋಡಿ, ಅದಕ್ಕೆ ಅರ್ಧದವರೆಗೆ ಸಕ್ಕರೆ ನೀರು ಹಾಕಿ, ಆ ನೀರಿನ ಮಟ್ಟಕ್ಕೆ ಒಂದು ಗುಂಡುಪಿನ್ನು ಚುಚ್ಚಿ, ನೀರು ತುಂಬಿದ ತಟ್ಟೆಯಲ್ಲಿಟ್ಟರೆ, ಗುಳಿಯ ನೀರು ಪಿನ್ನಿಗಿಂತ ಮೇಲೆ ಏರಬೇಕು. ಇಷ್ಟೇ ತಾನೇ ಎಂದು ಗಾಂಧಿ ಬಜಾರಿಗೆ ಹೋಗಿ, ವರಪರೀಕ್ಷೆಯಷ್ಟು ಕಟ್ಟುನಿಟ್ಟಾಗಿ ಆಲೂಗಡ್ಡೆ ಆರಿಸಿ ತಂದೆ. ಈಗ ಸಿಪ್ಪೆಯ ವಿಷಯ. ನಮ್ಮ ಮನೆಯಲ್ಲಿ ಭಾನುವಾರದ ದೋಸೆ ಪಲ್ಯಕ್ಕೆ ಆಲೂಗಡ್ಡೆ ಸುಲಿಯುವುದು ಮದುವೆಯಾದಾಗಿನಿಂದ ನನ್ನ ಪಾಲಿನ ಕೆಲಸ. ನನಗೆ ತಿಳಿದ ಕ್ರಮ ಒಂದೇ: ಕುಕ್ಕರಿಗೆ ಹಾಕು, ಕೂಗಿಸು, ಬೆರಳು ಸುಟ್ಟುಕೊಂಡು ಸುಲಿ. ಹಾಗೇ ಮಾಡಿದೆ. ಒಡೆಯದಿರಲಿ ಎಂದು ಒಂದೇ ಸೀಟಿಗೆ ಇಳಿಸಿದ ಜಾಣತನಕ್ಕೆ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡು, ಗುಳಿ ತೋಡಿ, ಸಕ್ಕರೆ ನೀರು ಹಾಕಿ, ಪಿನ್ನು ಚುಚ್ಚಿ ತಟ್ಟೆಯಲ್ಲಿಟ್ಟೆ.

ಊಟವಾಯಿತು, ನಿದ್ದೆಯಾಯಿತು, ಕಾಫಿಯಾಯಿತು. ನೀರು ಪಿನ್ನು ಬಿಟ್ಟು ಕದಲಲಿಲ್ಲ. ನಾನು ಸಕ್ಕರೆಯನ್ನು ಬೈದೆ, ಅಂಗಡಿಯವನನ್ನು ಬೈದೆ, ಕಾವೇರಿ ನೀರನ್ನೂ ಬಿಡಲಿಲ್ಲ. ಸಹನಾಳ ಕಣ್ಣು ತುಂಬಿತು. "ನಾಳೆ ನಾನು ಸ್ಕೂಲಿಗೇ ಹೋಗಲ್ಲ" ಎಂದಳು. ನನಗೆ ನಿಜಕ್ಕೂ ಸಂಕಟವಾಯಿತು.

ಆಗ ಅಡುಗೆಮನೆಯಿಂದ ಬಂದವರು ನಮ್ಮ ಜೊತೆಯಲ್ಲೇ ಇರುವ ನಮ್ಮತ್ತೆ, ಅಂದರೆ ಹೆಂಡತಿಯ ತಾಯಿ. ಆಲೂಗಡ್ಡೆಯನ್ನು ಬೆರಳಲ್ಲಿ ಒತ್ತಿ ನೋಡಿ, "ಇದನ್ನ ಯಾಕೆ ಬೇಯಿಸಿದ್ರಿ?" ಎಂದರು.

"ಸಿಪ್ಪೆ ತೆಗೆಯೋಕೆ..."

ಹೆಂಡತಿ ಒಣಗಿದ ಬಟ್ಟೆ ತರುವ ನೆಪದಲ್ಲಿ ಮಹಡಿಗೆ ಓಡಿದಳು. ಅತ್ತೆ ಮಾತ್ರ ನಗಲಿಲ್ಲ. "ಬೆಂದ ಮೇಲೆ ಅದ್ರಲ್ಲಿ ಜೀವ ಎಲ್ಲಿರತ್ತೆ? ಹಸಿ ಸೌತೆಕಾಯಿಗೆ ಉಪ್ಪು ಬಿದ್ರೆ ನೀರು ಬಿಟ್ಕೊಳ್ಳತ್ತೆ. ಅದಕ್ಕೇ ತಾನೇ ಕೋಸಂಬರಿಗೆ ಬಡಿಸೋ ಹೊತ್ತಿಗೆ ಉಪ್ಪು ಹಾಕೋದು? ಇದೂ ಹಾಗೇ ಇರ್ಬೇಕು. ಹಸೀದು ತನ್ನಿ" ಎಂದರು.

ಹಸಿಯದನ್ನು ಅವರೇ ಹೆರೆದು, ತೋಡಿ ಇಟ್ಟರು. ರಾತ್ರಿ ಊಟದ ಹೊತ್ತಿಗೆ ನೀರು ಪಿನ್ನು ದಾಟಿತ್ತು! ಕುಣಿದಾಡಿದ ಸಹನಾ ನನ್ನ ಆಲೂಗಡ್ಡೆಯನ್ನು ಕಸಕ್ಕೆ ಹಾಕಹೊರಟಾಗ ಅತ್ತೆ ತಡೆದರು. "ಎಸೀಬೇಡ ಕಂದ. ಎರಡೂ ತಗೊಂಡ್ಹೋಗು. ಹಸೀದು ನೀರು ಎಳ್ಕೊಳ್ತು, ಬೆಂದಿದ್ದು ಎಳ್ಕೊಳ್ಳಲಿಲ್ಲ ಅಂತ ತೋರ್ಸು. ಅಪ್ಪ ಬೇಕೂಂತಲೇ ಬೇಯಿಸಿದ್ರು ಅನ್ನು."

ಹೆಣ್ಣು ಕೊಟ್ಟವರು ಮಾನವನ್ನೂ ಕಾಪಾಡಿದರು. ಆ ಕ್ಷಣ ಅವರ ಕಾಲಿಗೆ ಬೀಳಬೇಕೆನ್ನಿಸಿತು. ಸಂಕೋಚವಾಗಿ, ಅದರ ಬದಲು ಅವರ ಊಟದ ತಟ್ಟೆ ತೊಳೆದಿಟ್ಟೆ.

ಮರುದಿನ ಸಹನಾ ಹಾರಿಕೊಂಡೇ ಬಂದಳು. ಹೋಲಿಸಿ ನೋಡಲು ಬೆಂದದ್ದನ್ನೂ ಇಟ್ಟದ್ದು ಬಹಳ ದೊಡ್ಡ ಬುದ್ಧಿವಂತಿಕೆ ಎಂದು ಮೇಡಂ ಹೊಗಳಿದರಂತೆ. ಶುಕ್ರವಾರ ಅಪ್ಪ ಬಂದು ಇನ್ನೊಂದು ಪ್ರಯೋಗ ಮಾಡಿ ತೋರಿಸಬೇಕಂತೆ! ನಾನು ನೇರವಾಗಿ ಅಡುಗೆಮನೆಗೆ ಓಡಿದೆ. "ನಾನು ಓದಿರೋದು ಏಳನೇ ಕ್ಲಾಸು, ನಾನ್ಯಾಕೆ?" ಎನ್ನುತ್ತಿದ್ದ ಅತ್ತೆಯನ್ನು ಕಾಡಿ ಬೇಡಿ ಆಟೋ ಹತ್ತಿಸಿದೆ.

ಅತ್ತೆ ಕ್ಲಾಸಿನ ಮುಂದೆ ಸೌತೆಕಾಯಿಗೆ ಉಪ್ಪು ಬೆರೆಸಿ, ಬಟ್ಟಲಲ್ಲಿ ನೀರು ನಿಲ್ಲಿಸಿ ತೋರಿಸಿದರು. ಮಕ್ಕಳೆಲ್ಲ ಎದ್ದುಬಂದು ಸುತ್ತುವರಿದರು. ಸಹನಾ ಬಂದವರಿಗೆಲ್ಲ "ನಮ್ಮಜ್ಜಿ, ನಮ್ಮಜ್ಜಿ" ಎಂದು ಬೀಗುತ್ತಿದ್ದಳು. ಮೂಲೆಯ ಮೇಜಿನಲ್ಲಿ ತಲೆ ತಗ್ಗಿಸಿ ಸೌತೆಕಾಯಿ ಹೆಚ್ಚುತ್ತಿದ್ದ ನನ್ನನ್ನು ತೋರಿಸಿ ಒಬ್ಬ ಗೆಳತಿ, "ಇವರ್ಯಾರೇ?" ಎಂದಳು.

"ನಮ್ಮಪ್ಪ ಕಣೇ," ಎಂದಳು ಮಗಳು, ಅಷ್ಟೇ ಹೆಮ್ಮೆಯಿಂದ. "ಬೇಯಿಸಿದ್ದು ಇವರೇ."