ಮರ್ಡೊ ಗೆಡೆಸ್‌ನ ಬೆಂಚು

ಎಲ್ಲಕ್ಕೂ ಮೂಲ ಮರ್ಡೊ ಗೆಡೆಸ್‌ನ ಎಡ ಮಂಡಿ. ಪ್ರತಿ ಭಾನುವಾರ ಎರಿಕ್ಟ್ ನದಿಯ ದಡದಲ್ಲಿ ಜನರನ್ನು ನಡೆಸಿಕೊಂಡು ಹೋಗಿ, ಪಾಳುಬಿದ್ದ ಸಣಬಿನ ಗಿರಣಿಗಳನ್ನು ತೋರಿಸುವುದು ಅವನ ಕೆಲಸ. ಸಂಬಳವಿಲ್ಲದ ಕೆಲಸವಾದ್ದರಿಂದ ಬಿಡುವುದು ಇನ್ನೂ ಕಷ್ಟ. ಮಂಡಿಯೋ, ಈಚೆಗೆ ಗಿರಣಿಯ ತುಕ್ಕುಹಿಡಿದ ಚಕ್ರದ ಹಾಗೆ ಕಿರುಗುಟ್ಟುತ್ತಿತ್ತು.

"ಇವತ್ತು ಹೇಳೇಬಿಡ್ತೀನಿ ಎಫಿ. ಇದೇ ಕೊನೇ ನಡಿಗೆ," ಎಂದ ಹೆಂಡತಿಗೆ, ಬೂಟಿನ ದಾರ ಕಟ್ಟುತ್ತ.

"ನೀನಾ? ಯಾರಾದ್ರೂ ಒಂದು ಲೋಟ ಚಹಾ ಕೊಟ್ರೆ ಮನೇನೇ ಬರ್ಕೊಡೋನು ನೀನು," ಎನ್ನುತ್ತ ಎಫಿ ತಾನೂ ಕೋಟು ಹಾಕಿಕೊಂಡಳು.

ಸುಳ್ಳಲ್ಲ. ಯಾರಾದರೂ ಚೂರು ಉಪಕಾರ ಮಾಡಿದರೆ ಸಾಕು, ಮರ್ಡೊ ಬೆಣ್ಣೆಯಂತೆ ಕರಗುತ್ತಿದ್ದ.

ಸೇತುವೆಯ ಹತ್ತಿರ ಊರಿನವರೆಲ್ಲ ಸೇರಿದ್ದರು. ಮರ್ಡೊ ಗಂಟಲು ಸರಿಮಾಡಿಕೊಂಡ. ಅಷ್ಟರಲ್ಲಿ ಪಕ್ಕದ ಮನೆಯ ಇಸೊಬೆಲ್ ಉಣ್ಣೆಯ ಚೀಲದಂಥದ್ದೇನನ್ನೋ ಅವನ ಕೈಗೆ ತುರುಕಿದಳು.

"ನಿನ್ನ ಮಂಡಿಗೆ ಅಂತಾನೇ ಹೆಣೆದೆ ಕಣಯ್ಯಾ. ಹಾಕ್ಕೊ, ಬೆಚ್ಚಗಿರತ್ತೆ."

ಅದನ್ನು ಏರಿಸಿಕೊಂಡು ರಾಜೀನಾಮೆ ಕೊಡುವುದು ಹೇಗೆ? ಮಾತು ನುಂಗಿಕೊಂಡು ನಡೆದ.

ಅಣೆಕಟ್ಟೆಯ ಬಳಿ ಬಾಯಿ ತೆರೆದ. ಆಗಲೇ ಒಂದು ಸಾಲ್ಮನ್ ಮೀನು ನೀರಿಂದ ಮೇಲಕ್ಕೆ ಚಿಮ್ಮಬೇಕೆ! ಅದನ್ನು ತೋರಿಸುವ ಸಂಭ್ರಮದಲ್ಲಿ ಹಿಂದೆ ಹೆಜ್ಜೆಯಿಟ್ಟವನು ಗಿರಣಿಯ ಕಾಲುವೆಗೆ ದೊಪ್ಪೆಂದು ಬಿದ್ದ. ಎಲ್ಲರೂ ಸೇರಿ ಎಳೆದು ಹಾಕಿದರು. ಅಂಚೆಯ ಟಾಮ್ ಓಡಿಹೋಗಿ ತನ್ನ ವ್ಯಾನಿನಿಂದ ಒಣಗಿದ ಪ್ಯಾಂಟು ತಂದುಕೊಟ್ಟ. ಟಾಮ್‌ನ ಆ ಪ್ಯಾಂಟಿನ ಸೊಂಟದಲ್ಲಿ ಇಬ್ಬರು ಮರ್ಡೊಗಳು ಹಿಡಿಯುತ್ತಿದ್ದರು. ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡೇ ಎಲ್ಲರಿಗೂ ಥ್ಯಾಂಕ್ಸ್ ಹೇಳಿದ. ಹೇಳಬೇಕಾದ್ದು ಮತ್ತೆ ಉಳಿಯಿತು.

ಕೊನೆಯ ಗಿರಣಿಯ ಮುಂದೆ ನಿಂತು, ಕಣ್ಣು ಮುಚ್ಚಿ, ಒಂದೇ ಉಸಿರಿಗೆ ಅಂದುಬಿಟ್ಟ: "ಇದೇ ನನ್ನ ಕೊನೇ ನಡಿಗೆ. ಮಂಡಿ ಕೈಕೊಟ್ಟಿದೆ!"

ಕಣ್ಣು ಬಿಟ್ಟರೆ ಎಲ್ಲರೂ ನಗುತ್ತಿದ್ದಾರೆ.

"ನೀನು ಹಾಗಂತೀಯ ಅನ್ನೋ ಭಯಕ್ಕೇ ಮಾರಾಯ, ಇದನ್ನ ಮಾಡ್ಸಿದ್ದು," ಎಂದು ಟಾಮ್ ಪಕ್ಕದಲ್ಲಿದ್ದ ಟಾರ್ಪಾಲು ಎಳೆದ. ಒಳಗೆ ಹೊಚ್ಚಹೊಸ ಓಕ್ ಮರದ ಬೆಂಚು! "ನೋವು ಬಂದಾಗ ಕೂತ್ಕೊ. ಹೋದಾಗ ಎದ್ದು ನಡಿ."

ಮರ್ಡೊನ ಕಣ್ಣು ತುಂಬಿ ಬಂತು. ಇಂಥ ಜನರ ನಡುವೆ ಹುಟ್ಟಿದ್ದೇ ತನ್ನ ಪುಣ್ಯ ಅನ್ನಿಸಿತು. ಕಣ್ಣೊರೆಸಿಕೊಂಡು ಹಿತ್ತಾಳೆಯ ಫಲಕ ಓದಿದ: 'ಈ ನದಿಯನ್ನು ಪ್ರೀತಿಸಿದ ದಿವಂಗತ ಮರ್ಡೊ ಗೆಡೆಸ್ ಅವರ ನೆನಪಿಗೆ, ಕೃತಜ್ಞತೆಯಿಂದ.'

"ಅಯ್ಯೋ, ಆ ಫಲಕದವ್ನ ಮನೆ ಹಾಳಾಗ!" ಇಸೊಬೆಲ್ ಹಣೆ ಚಚ್ಚಿಕೊಂಡಳು. "ಬದುಕಿರೋನಿಗೆ ಅಂತ ಬಡ್ಕೊಂಡಿದ್ದೆ!"

ಫಲಕದವನದೂ ತಪ್ಪಲ್ಲ. ಆ ದಡದ ಬೆಂಚುಗಳೆಲ್ಲ ಸತ್ತವರ ಹೆಸರಿನವೇ. ಕೈ ಅಭ್ಯಾಸದಂತೆ ಕೆತ್ತಿಬಿಟ್ಟಿದ್ದ.

ಮರ್ಡೊನ ಮುಖ ಮಾತ್ರ ಅರಳಿತು. "ಸರಿಯಾಗೇ ಇದೆ! ಸತ್ತೋನನ್ನ ಯಾರಾದ್ರೂ ಕೆಲ್ಸಕ್ಕೆ ಕರೀತಾರಾ?"

"ಆಯ್ತಪ್ಪ, ನೀನೇ ಗೆದ್ದೆ," ಎಂದ ಟಾಮ್. ಮರ್ಡೊ ಬೆಂಚಿನ ಮೇಲೆ ಕಾಲು ಚಾಚಿ, ನದಿ ನೋಡುತ್ತ ಹಾಯಾಗಿ ಕುಳಿತ.

ಆಗ ಡಂಡೀ ಊರಿನಿಂದ ಬಂದ ಒಂದು ಗುಂಪು ಅಲ್ಲಿಗೆ ತಲುಪಿತು. ಮುಂದಿದ್ದ ಮುದುಕಿ ಫಲಕ ಓದಿ, ಟೋಪಿ ತೆಗೆದಳು.

"ಹೋಗ್ಬಿಟ್ರಾ? ಇವರನ್ನ ನೋಡೋಕೇ ಬಂದ್ವಲ್ಲ! ನಮ್ಮಮ್ಮ ಈ ಗಿರಣೀಲೇ ನೂಲು ತೆಗೀತಿದ್ಲು. ಅವಳು ನಿಲ್ತಿದ್ದ ಜಾಗ ತೋರಿಸೋರು ಇವರೊಬ್ರೇ ಅಂತಿದ್ರು. ಥ್ಯಾಂಕ್ಸ್ ಹೇಳೋಕೂ ಆಗ್ಲಿಲ್ಲ." ಚೀಲದಿಂದ ಒಂದು ಡಬ್ಬಿ ತೆಗೆದಳು. "ಅವರಿಗೆ ಅಂತ ಬೆಣ್ಣೆ ಬಿಸ್ಕತ್ತು ಮಾಡ್ಕೊಂಡು ಬಂದಿದ್ದೆ. ನೀವು ಅವರ ಸ್ನೇಹಿತರೇನೋ. ನೀವೇ ತಿನ್ನಿ."

ಎಫಿ ಆಕಾಶ ನೋಡಿದಳು. ಮರ್ಡೊ ಬಿಸ್ಕತ್ತು ನೋಡಿದ. ಒಂದು ತುಂಡು ಬಾಯಿಗೆ ಹೋಯಿತು, ಅಲ್ಲಿಗೆ ಮುಗಿಯಿತು.

"ಬನ್ನಿ ತಾಯಿ, ನೂಲಿನ ಕೋಣೆ ಆ ಕಡೆ," ಎಂದು ಪ್ಯಾಂಟು ಹಿಡಿದುಕೊಂಡು ಎದ್ದ.

"ಅಂದ್ರೆ ತಾವು...?"

"ಅವನ ಜಾಗಕ್ಕೆ ಬಂದೋನು."

ಮುದುಕಿಯ ಮುಖ ಬೆಳಗಿತು. "ದೇವರು ದೊಡ್ಡೋನು! ಹೊಸಬರು, ಇನ್ನೂ ಎಷ್ಟೋ ವರ್ಷ ನಡೆಸ್ತೀರ ಬಿಡಿ!"