ಓದಲಾಗಿದೆ ಎಂದು ಭಾವಿಸಲಾದ ಪ್ರಬಂಧ

ಶನಿವಾರ ಬೆಳಿಗ್ಗೆ ಹತ್ತೂವರೆಗೆ ಸೂಪಾ ಅಣೆಕಟ್ಟೆಯಿಂದ ಕಾಳಿ ನದಿಗೆ ನೀರು ಬಿಟ್ಟರು. ಅಡಿವೆಯ್ಯನ ತೊಂದರೆ ಶುರುವಾದದ್ದು ಅಲ್ಲಿಂದ.

ನೀರು ಬಿಡದೆ ಇದ್ದಿದ್ದರೆ ಗಣೇಶಗುಡಿಯಲ್ಲಿ ರಬ್ಬರ್ ದೋಣಿಗಳು ಇಳಿಯುತ್ತಿರಲಿಲ್ಲ. ದೋಣಿ ಇಳಿಯದಿದ್ದರೆ ರಾಷ್ಟ್ರೀಯ ಗ್ರಂಥಪಾಲಕರ ಮತ್ತು ಮಾಹಿತಿ ಸೇವಕರ ಪರಿಷತ್ತಿನ ನೂರ ನಲವತ್ತು ಪ್ರತಿನಿಧಿಗಳು ದಾಂಡೇಲಿಯ ಸಭಾಭವನದಲ್ಲೇ ಕೂತು, ಊಟದ ಮೇಲಿನ ಗೋಷ್ಠಿಯಲ್ಲಿ ತೂಕಡಿಸುತ್ತ ಅಡಿವೆಯ್ಯನ ಪ್ರಬಂಧ ಕೇಳುತ್ತಿದ್ದರು. ಸಮ್ಮೇಳನದ ಮೊದಲೆರಡು ದಿನ ಅವರು ಹಾಗೆಯೇ ಶಿಸ್ತಾಗಿ ತೂಕಡಿಸಿದ್ದರು. ಮೂರನೆಯ ದಿನ ನೀರಿನ ಸುದ್ದಿ ಬಂದದ್ದೇ ತಡ, ಊಟದ ಎಲೆ ಎತ್ತುವ ಮೊದಲೇ ಮೂರು ಬಸ್ಸುಗಳು ತುಂಬಿ ಹೊರಟುಹೋದವು. ಹೋಗುವಾಗ ಎಲ್ಲರೂ ಕೊರಳಿನ ಬ್ಯಾಡ್ಜು ತೆಗೆದು, ನೀರಿಗೆ ಬಿದ್ದರೆ ಹಾಳಾದೀತೆಂದು, ನೋಂದಣಿ ಮೇಜಿನ ಮೇಲಿದ್ದ ತಟ್ಟೆಯಲ್ಲಿ ಹಾಕಿದರು. ಸ್ಥಳೀಯ ಸ್ವಯಂಸೇವಕನಾಗಿ ಆ ಮೇಜಿನ ಹಿಂದೆ ಕೂತವನು ಅಡಿವೆಯ್ಯನೇ. ಒಬ್ಬೊಬ್ಬರಿಗೂ ಅವನು ಶುಭ ಪ್ರಯಾಣ ಹೇಳಿದ. ಕೊನೆಯ ಬಸ್ಸು ಮರೆಯಾದ ಮೇಲೆ ಗಡಿಯಾರ ನೋಡಿದ. ಒಂದೂ ಮುಕ್ಕಾಲು. ಅವನ ಪ್ರಬಂಧ ಎರಡೂವರೆಗೆ.

ಪರಿಷತ್ತಿನ ನಿಯಮಾವಳಿಯಲ್ಲಿ ಒಂದು ಕಲಮು ಇತ್ತು. ಗೋಷ್ಠಿಯಲ್ಲಿ ಹನ್ನೆರಡು ಜನ ಪ್ರತಿನಿಧಿಗಳು ಹಾಜರಿರದಿದ್ದರೆ ಪ್ರಬಂಧವನ್ನು 'ಓದಲಾಗಿದೆ ಎಂದು ಭಾವಿಸಲಾಗುವುದು'. ಪ್ರಬಂಧ ಅಚ್ಚಾಗುತ್ತದೆ, ಆದರೆ ಮಂಡನೆಯ ಪ್ರಮಾಣಪತ್ರ ಸಿಗುವುದಿಲ್ಲ.

ಅಡಿವೆಯ್ಯನಿಗೆ ಬೇಕಾಗಿದ್ದದ್ದು ಆ ಪ್ರಮಾಣಪತ್ರ ಮಾತ್ರ. ದಾಂಡೇಲಿಯ ಶಾಖಾ ಗ್ರಂಥಾಲಯದಲ್ಲಿ ಅವನಿಗೆ ಹನ್ನೆರಡನೆಯ ವರ್ಷ. ಹೆಂಡತಿ ಸಹನಾ ಧಾರವಾಡದಲ್ಲಿ ಶಿಕ್ಷಕಿ. ಅವಳಿಗೆ ರವಿವಾರ ರಜೆ, ಅವನಿಗೆ ಸೋಮವಾರ. ಮದುವೆಯಾಗಿ ಒಂಬತ್ತು ವರ್ಷದಲ್ಲಿ, ಹಬ್ಬ ಹುಣ್ಣಿಮೆ ಬಿಟ್ಟರೆ, ಇಬ್ಬರಿಗೂ ಒಟ್ಟಿಗೆ ರಜೆ ಸಿಕ್ಕಿದ ದಿನಗಳನ್ನು ಕೈಬೆರಳಲ್ಲಿ ಲೆಕ್ಕ ಹಾಕಬಹುದಿತ್ತು. ಅವನು ರವಿವಾರ ಸಂಜೆ ಬಸ್ಸು ಹತ್ತಿ ಹೋಗುವ ಹೊತ್ತಿಗೆ ಅವಳು ಮರುದಿನದ ಪಾಠ ತಯಾರಿಸುತ್ತಿದ್ದಳು. ಈಗ ಧಾರವಾಡದ ಕಚೇರಿಯಲ್ಲಿ ಬಡ್ತಿಯ ಹುದ್ದೆಯೊಂದು ತೆರವಾಗಿತ್ತು. ಅಲ್ಲಿ ರವಿವಾರ ರಜೆ. ಪಟ್ಟಿ ಮುಂದಿನ ವಾರ ಹೊರಡುವುದಿತ್ತು, ಜೊತೆಗೆ ರಾಷ್ಟ್ರೀಯ ಸಮ್ಮೇಳನದಲ್ಲಿ ಪ್ರಬಂಧ ಮಂಡಿಸಿದ ಪ್ರಮಾಣಪತ್ರ ಲಗತ್ತಿಸಬೇಕಿತ್ತು. ಹೀಗಾಗಿ ಅವನು ಆರು ತಿಂಗಳು ಕೂತು ಇಂಗ್ಲಿಷಿನಲ್ಲಿ ಒಂದು ಪ್ರಬಂಧ ಬರೆದಿದ್ದ: 'ದಾಂಡೇಲಿ ಭಾಗದಲ್ಲಿ ಓದುವ ಹವ್ಯಾಸದ ಅಳಿವು'.

ಸಭಾಭವನದೊಳಗೆ ಇಣುಕಿ ನೋಡಿದ. ಇನ್ನೂರು ಖುರ್ಚಿಗಳು, ಮುಂದೆ ವೇದಿಕೆಯ ಮೇಲೆ ಗೋಷ್ಠಿಯ ಅಧ್ಯಕ್ಷೆ ಡಾ. ಮಹೆಜಬೀನ. ನಿವೃತ್ತ ಗ್ರಂಥಪಾಲಕಿ, ಧಾರವಾಡದವರು. ಮೊಣಕಾಲು ನೋವಿನಿಂದಾಗಿ ದೋಣಿ ಹತ್ತಿರಲಿಲ್ಲ. ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟುಕೊಂಡು, ಖಾಲಿ ಖುರ್ಚಿಗಳನ್ನು ಸಾಲುಸಾಲಾಗಿ ಎಣಿಸುತ್ತಿರುವಂತೆ ಕೂತಿದ್ದರು.

ಅಡಿವೆಯ್ಯ ಹೊರಗೆ ಬಂದು ಮುಕ್ತಾರನಿಗೆ ಫೋನು ಮಾಡಿದ. ಗ್ರಂಥಾಲಯದ ಎದುರಿಗೇ ಮುಕ್ತಾರನ ಗ್ಯಾರೇಜು. ದಾರಿಯಲ್ಲಿ ಕೆಟ್ಟು ನಿಂತ ಗಾಡಿಗೂ ಮನುಷ್ಯನಿಗೂ ಅವನು ಭೇದ ಮಾಡುತ್ತಿರಲಿಲ್ಲ, ಎರಡನ್ನೂ ಹಿಂದಿನಿಂದ ತಳ್ಳಿ ಚಾಲೂ ಮಾಡುತ್ತಿದ್ದ. ಒಂದು ಸರ್ಟಿಫಿಕೇಟಿಗಾಗಿ ಹನ್ನೆರಡು ಮಂದಿ ಬೇಕು, ಸುಮ್ಮನೆ ಅರ್ಧ ತಾಸು ಕೂತರೆ ಸಾಕು ಎಂದು ಅಡಿವೆಯ್ಯ ಹೇಳಿದ. ಸರ್ಟಿಫಿಕೇಟು ಯಾತಕ್ಕೆ ಎಂಬುದನ್ನು ಹೇಳಲಿಲ್ಲ. ಹನ್ನೆರಡು ವರ್ಷ ಜೊತೆಗಿದ್ದವರಿಗೆ ಊರು ಬಿಡುತ್ತೇನೆಂದು ಹೇಳಲು ಅವನಿಗೆ ಬಾಯಿ ಬರಲಿಲ್ಲ.

"ಹನ್ನೆರಡ ಯಾಕ ಸರ, ಹದಿನಾಕು ತರ್ತೇನಿ," ಎಂದ ಮುಕ್ತಾರ. "ನಡುವ ಒಬ್ಬಿಬ್ಬರು ಎದ್ದು ಹೋದ್ರ?"

ಇಪ್ಪತ್ತು ನಿಮಿಷಕ್ಕೆ ಟೆಂಪೊ ಬಂತು. ಮುಕ್ತಾರ ಮಾಡಿದ್ದು ಸರಳವಾದ ಕೆಲಸ. ನೇರವಾಗಿ ಗ್ರಂಥಾಲಯಕ್ಕೆ ಹೋಗಿ, ಓದುವ ಕೋಣೆಯನ್ನು ಒಂದೇ ಖೇಪಿಗೆ ಖಾಲಿ ಮಾಡಿಕೊಂಡು ಬಂದಿದ್ದ. ಕಾಗದದ ಮಿಲ್ಲಿನಲ್ಲಿ ಮೊದಲ ಪಾಳಿ ಮುಗಿಸಿ ಪೇಪರು ಓದಲು ಬಂದಿದ್ದ ಯಲ್ಲಪ್ಪ ಊಟದ ಡಬ್ಬಿಯ ಸಮೇತ ಇಳಿದ. ಬಸ್‌ಸ್ಟ್ಯಾಂಡಿನ ಹತ್ತಿರ ಖಾನಾವಳಿ ನಡೆಸುವ ಸಿದ್ದಕ್ಕ ಅರ್ಧ ಓದಿದ ಕಾದಂಬರಿಯ ನಡುವೆ ಬೆರಳಿಟ್ಟುಕೊಂಡೇ ಇಳಿದಳು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದ ಮೆಹರೀನ ಬರುವುದಿಲ್ಲ ಎಂದವಳು, ರಾಷ್ಟ್ರೀಯ ಸಮ್ಮೇಳನ ಎಂದ ಮೇಲೆ ಪ್ರಚಲಿತ ವಿದ್ಯಮಾನದಲ್ಲಿ ಕೇಳಿಯಾರೆಂದು ಬಂದಿದ್ದಳು. ಉಳಿದವರು ಚೌಕಾಶಿಯಿಲ್ಲದೆ ಬಂದವರು. ಗ್ರಂಥಾಲಯದ ಸಹಾಯಕ ಈರೇಶನೊಬ್ಬನನ್ನು ಮಾತ್ರ ಬಾಗಿಲು ಕಾಯಲು ಬಿಟ್ಟಿದ್ದರು.

ಅಡಿವೆಯ್ಯ ತಟ್ಟೆಯಿಂದ ಕೈಗೆ ಸಿಕ್ಕ ಬ್ಯಾಡ್ಜು ಎತ್ತಿ ಎಲ್ಲರ ಕೊರಳಿಗೆ ಹಾಕಿದ. ಹೆಸರು ಸಣ್ಣ ಅಕ್ಷರದಲ್ಲೂ ಊರು ದೊಡ್ಡ ಅಕ್ಷರದಲ್ಲೂ ಇತ್ತು. ಯಲ್ಲಪ್ಪ ಗುವಾಹಾಟಿಯವನಾದ, ಸಿದ್ದಕ್ಕ ಚೆನ್ನೈಯವಳಾದಳು, ಮುಕ್ತಾರನಿಗೆ ಭೋಪಾಲ ಬಂತು.

"ನಮಗೇನೂ ತಿಳಿಯೂದಿಲ್ಲಲ್ರಿ ಸ್ವಾಮ್ಯಾರ," ಎಂದಳು ಸಿದ್ದಕ್ಕ.

"ತಿಳೀಬೇಕಂತಿಲ್ಲ ಸಿದ್ದಕ್ಕ. ನಾ ಚಷ್ಮಾ ತಗದಾಗೊಮ್ಮೆ ಚಪ್ಪಾಳಿ ಹೊಡೀರಿ, ಸಾಕು."

ಸರಿಯಾಗಿ ಎರಡೂವರೆಗೆ ಡಾ. ಮಹೆಜಬೀನ ಸಭೆಯನ್ನು ಕಣ್ಣಲ್ಲೇ ಎಣಿಸಿದರು. ಹದಿನಾಲ್ಕು. ಗುವಾಹಾಟಿಯ ಮಡಿಲಲ್ಲಿದ್ದ ಡಬ್ಬಿಯನ್ನೂ ಭೋಪಾಲದ ಉಗುರಿನ ಗ್ರೀಸನ್ನೂ ಸ್ವಲ್ಪ ಹೊತ್ತು ನೋಡಿ, ಮಂಡಿಸಿ ಎಂದು ಕೈಸನ್ನೆ ಮಾಡಿದರು.

ಅಡಿವೆಯ್ಯ ಓದತೊಡಗಿದ. ಆದರೆ ಏಪ್ರಿಲ್ ತಿಂಗಳ ಸೆಕೆ, ಮೇಲೆ ತಿರುಗದ ಫ್ಯಾನು. ಎರಡನೆಯ ಪುಟಕ್ಕೇ ಬೆವರು ಚಷ್ಮಾದ ಮೇಲೆ ಇಳಿಯಿತು. ಒರೆಸಿಕೊಳ್ಳಲು ತೆಗೆದ. ಹದಿನಾಲ್ಕು ಜನ ಚಪ್ಪಾಳೆ ಹೊಡೆದರು. ಆಗ ಅವನು ಓದುತ್ತಿದ್ದ ಸಾಲು, ಹತ್ತು ವರ್ಷದ ಹಿಂದೆ ಓದುವ ಕೋಣೆಗೆ ದಿನಕ್ಕೆ ತೊಂಬತ್ತಾರು ಜನ ಬರುತ್ತಿದ್ದರು, ಈಗ ಹನ್ನೊಂದು ಜನ ಬರುತ್ತಾರೆ ಎಂಬುದು. ಗಾಬರಿಯಲ್ಲಿ ಇನ್ನಷ್ಟು ಬೆವೆತು ಮತ್ತೆ ತೆಗೆದ. ಓದು ಎಂಬುದು ಈ ಭಾಗದಲ್ಲಿ ಕೊನೆಯುಸಿರೆಳೆಯುತ್ತಿದೆ ಎಂಬ ವಾಕ್ಯಕ್ಕೆ ಮೊದಲಿಗಿಂತ ಜೋರಾಗಿ ಚಪ್ಪಾಳೆ ಬಿತ್ತು. ಯಲ್ಲಪ್ಪ ಡಬ್ಬಿಯ ಮುಚ್ಚಳವನ್ನೂ ಬಡಿದ. ಅಧ್ಯಕ್ಷೆ ಬಾಯಿಗೆ ಕರವಸ್ತ್ರ ಒತ್ತಿಕೊಂಡರು.

ಪ್ರಬಂಧ ಮುಗಿಯಿತು. ಇನ್ನೇನು ಪ್ರಮಾಣಪತ್ರಕ್ಕೆ ಕೈ ಚಾಚಬೇಕು, ಅಷ್ಟರಲ್ಲಿ ಅಧ್ಯಕ್ಷೆ ಹತ್ತು ನಿಮಿಷದ ಚರ್ಚೆ ಬಾಕಿ ಇದೆ ಎಂದರು. ಮೊದಲು ಇಂಗ್ಲಿಷಿನಲ್ಲಿ ಕೇಳಿದರು. ಎಲ್ಲರೂ ಅಡಿವೆಯ್ಯನ ಚಷ್ಮಾ ನೋಡಿದರು. ಆಮೇಲೆ ಮೈಕು ಹತ್ತಿರಕ್ಕೆ ಎಳೆದುಕೊಂಡು, "ಗುವಾಹಾಟಿಯವರು ಏನರ ಹೇಳ್ತೀರೇನ್ರಿ?" ಎಂದರು.

ಯಲ್ಲಪ್ಪ ಥಟ್ಟನೆ ಎದ್ದು ನಿಂತ. "ಏನ್ ಹೇಳೂದ್ರಿ ಬಾಯಾರ. ಸರ ಭಾರಿ ಓದಿದ್ರು. ಏನ್ ಓದಿದ್ರು ಅಂತ ಯಾರರ ಹೇಳಿದ್ರ ಇನ್ನೂ ಚಲೋ ಆಗ್ತಿತ್ತು."

ಅಧ್ಯಕ್ಷೆ ನಗಲಿಲ್ಲ. ತಿಳಿದವರು ಯಾರಾದರೂ ಹೇಳಬಹುದು ಎಂದರು. ಅಡಿವೆಯ್ಯ ವೇದಿಕೆಯಿಂದ ಮೆಹರೀನಳಿಗೆ ಕಣ್ಣಲ್ಲೇ ಬೇಡ ಬೇಡ ಎಂದ. ಆದರೆ ಪ್ರಶ್ನೆ ಕೇಳಿದ ಮೇಲೆ ಉತ್ತರ ಗೊತ್ತಿದ್ದೂ ಸುಮ್ಮನಿರುವುದು ಪರೀಕ್ಷೆಗೆ ಓದುವವರಿಂದ ಆಗುವುದಿಲ್ಲ. ಅವಳು ಎದ್ದು ಎರಡೇ ವಾಕ್ಯದಲ್ಲಿ ಸಾರಾಂಶ ಹೇಳಿದಳು: "ದಾಂಡೇಲ್ಯಾಗ ಈಗ ಯಾರೂ ಓದೂದಿಲ್ಲಂತ. ಲೈಬ್ರರಿಗೆ ದಿನಕ್ಕ ಹನ್ನೊಂದು ಮಂದಿ ಅಷ್ಟ ಬರ್ತಾರಂತ."

ಹಿಂದಿನ ಸಾಲಿನವರೊಬ್ಬರು ಬೆರಳು ಮಡಚಿ ತಮ್ಮವರನ್ನೇ ಎಣಿಸಿಕೊಂಡರು.

"ಹಂಗಾರ ನಾವ್ ಯಾರ್ರಿ ಸರ?" ಎಂದು ಮುಕ್ತಾರ ಕೇಳಿದ.

ಸಿದ್ದಕ್ಕ ಸೆರಗಿನ ಗಂಟಿನಿಂದ ಸದಸ್ಯತ್ವದ ಕಾರ್ಡು ತೆಗೆದು ಮೇಲೆತ್ತಿ ಹಿಡಿದಳು. ವಾರಕ್ಕೆ ಎರಡು ಪುಸ್ತಕ ಒಯ್ಯುತ್ತೇನೆ, ನಾನು ಸತ್ತಿದ್ದೇನೆಂದು ಯಾರು ಹೇಳಿದರು ಎಂದು ಕೇಳಿದಳು. ಚೆನ್ನೈಯ ಬ್ಯಾಡ್ಜು ಅವಳ ಕೊರಳಲ್ಲಿ ಉಯ್ಯಾಲೆಯಾಡಿತು. ಬೆಳಗಿನ ಹೊತ್ತು ಖುರ್ಚಿ ಸಿಗದೆ ಕಿಟಕಿಕಟ್ಟೆಯ ಮೇಲೆ ಕೂರುತ್ತೇವೆಂದು ಮೆಹರೀನ ಸೇರಿಸಿದಳು.

ಅಡಿವೆಯ್ಯ ತೊದಲುತ್ತ, ಅಂಕಿ ಅಂಶ ತನ್ನದಲ್ಲ, ಬಾಗಿಲಲ್ಲಿಟ್ಟ ರಜಿಸ್ಟರಿನದು, ಒಂದೊಂದು ಸಹಿಯನ್ನೂ ಎಣಿಸಿದ್ದೇನೆ ಎಂದ.

"ಸರ, ಆ ರಜಿಸ್ಟರಿಗೆ ದಾರಾ ಹಾಕಿ ಕಟ್ಟೀರಲ್ಲ, ಆ ಪೆನ್ನು ಬರಿಯೂದ ಇಲ್ಲ," ಎಂದ ಯಲ್ಲಪ್ಪ. "ಕಿಸೇದಾಗ ಸ್ವಂತ ಪೆನ್ನು ಇದ್ದವ್ರಷ್ಟ ಸಹಿ ಮಾಡ್ತಾರ. ನಾವ್ ಹಂಗ ಒಳಗ ಹೋಗ್ತೇವಿ."

"ಯಾವಾಗಿಂದ?" ಎಂದರು ಅಧ್ಯಕ್ಷೆ.

"ಕೊರೊನಾಕಿಂತ ಮೊದಲಿಂದ."

"ಮತ್ತ ಅವರಿಗೆ ಹೇಳಬೇಕಿಲ್ಲೇನು?"

"ಸಲಹಾ ಪುಸ್ತಕದಾಗ ಬರೀಬೇಕಂತ ಹೋದ್ವಿ ಬಾಯಾರ. ಅದಕೂ ಅದ ಪೆನ್ನು."

ಡಾ. ಮಹೆಜಬೀನ ಕರವಸ್ತ್ರ ಕೆಳಗಿಟ್ಟರು. ನಲವತ್ತು ವರ್ಷದ ಸೇವೆಯಲ್ಲಿ ಅವರು ಅನೇಕ ಪ್ರಬಂಧಗಳನ್ನು ಕೇಳಿದ್ದರು, ಅವುಗಳ ಅಂಕಿ ಅಂಶ ಎದ್ದು ನಿಂತು ಮಾತಾಡಿದ್ದನ್ನು ಕೇಳಿರಲಿಲ್ಲ. "ಅಡಿವೆಯ್ಯಾರ, ನೀವು ಓದೂವರನ್ನ ಎಣಿಸಿಲ್ಲ, ಪೆನ್ನಿದ್ದವರನ್ನ ಎಣಿಸೀರಿ," ಎಂದರು. ಆಮೇಲೆ ನಿಯಮ ಹೇಳಿದರು. ಪ್ರಬಂಧದ ಮಾತು ಹಾಗಿರಲಿ, ಸಭೆಯಲ್ಲಿ ಪ್ರತಿನಿಧಿಗಳೇ ಇಲ್ಲ. ಆದ್ದರಿಂದ ಇದನ್ನು ಓದಲಾಗಿದೆ ಎಂದು ಭಾವಿಸಲಾಗಿದೆ. ಬ್ಯಾಡ್ಜುಗಳನ್ನು ತಟ್ಟೆಗೆ ವಾಪಸು ಹಾಕಬೇಕು.

ಅಡಿವೆಯ್ಯ ಕಾಗದಗಳನ್ನು ಮಡಚಿಕೊಂಡು ಹೊರಗಿನ ಕಟ್ಟೆಯ ಮೇಲೆ ಹೋಗಿ ಕೂತ. ಅವನ ಮುಖ ಮಳೆಗೆ ಸಿಕ್ಕ ಪೋಸ್ಟರಿನಂತೆ ಜೋತುಬಿದ್ದಿತ್ತು. ಅದನ್ನು ಕಂಡ ಮೇಲೆ ಹದಿನಾಲ್ಕು ಜನರಿಗೂ ತಾವು ಮಾಡಿದ್ದೇನೆಂದು ಹೊಳೆಯಿತು. ಪೆನ್ನಿನ ವಿಷಯ ಯಾಕೆ ತೆಗೆದೆ ಎಂದು ಎಲ್ಲರೂ ಯಲ್ಲಪ್ಪನನ್ನು ಬೈದರು. ಮೆಹರೀನಳಿಗೆ ಬೈಯುವ ಧೈರ್ಯ ಯಾರಿಗೂ ಇರಲಿಲ್ಲ. ಕೊನೆಗೆ ಸಿದ್ದಕ್ಕ, "ಕೆಡಿಸಿದವರು ನಾವು, ನಾವ ನೆಟ್ಟಗ ಮಾಡೂಣು ನಡೀರಿ," ಎಂದು ಎಲ್ಲರನ್ನೂ ಕರೆದುಕೊಂಡು ವಾಪಸು ಒಳಗೆ ಹೋದಳು.

ಮುಕ್ಕಾಲು ತಾಸು ಅವರು ಅಧ್ಯಕ್ಷೆಯನ್ನು ಬಿಡಲಿಲ್ಲ. ಅಡಿವೆಯ್ಯ ಹೊರಗಿನಿಂದಲೇ ತುಣುಕು ತುಣುಕು ಕೇಳಿಸಿಕೊಂಡ. ರಾತ್ರಿ ಪಾಳಿ ಮುಗಿಸಿದವರಿಗೆಂದು ಬೆಳಿಗ್ಗೆ ವೇಳೆಗಿಂತ ಮೊದಲೇ ಬಾಗಿಲು ತೆಗೆಯುತ್ತಾರೆ ಎಂದು ಯಲ್ಲಪ್ಪ ಹೇಳುತ್ತಿದ್ದ. ಕಾಲು ಮುರಿದುಕೊಂಡು ಮಲಗಿದ್ದಾಗ ಖಾನಾವಳಿಯವರೆಗೆ ಪುಸ್ತಕ ತಂದುಕೊಟ್ಟರು ಎಂದು ಸಿದ್ದಕ್ಕ. ಅವನಿಗೆ ಕಣ್ಣು ತುಂಬಿಬಂತು. ಸ್ವಲ್ಪ ಆಸೆಯೂ ಮೂಡಿತು. ಇಷ್ಟೆಲ್ಲ ಕೇಳಿದ ಮೇಲೆ ಯಾರಿಗಾದರೂ ಒಂದು ಕಾಗದ ಬರೆದುಕೊಡುವ ಮನಸ್ಸಾಗದೆ ಇರುವುದಿಲ್ಲ.

ಮನಸ್ಸಾಯಿತು ಕೂಡ. ಬಾಗಿಲಿಗೆ ಬಂದ ಮುಕ್ತಾರ, ಬಾಯಾರು ಬರೆಯುತ್ತಿದ್ದಾರೆ, ಒಂದು ಪುಟ ದಾಟಿದೆ ಎಂದು ಎರಡು ಬಾರಿ ವರದಿ ಕೊಟ್ಟ.

ಐದೂವರೆಗೆ ಸಮಾರೋಪ. ಪ್ರತಿನಿಧಿಗಳು ಒದ್ದೆ ತಲೆಯಲ್ಲಿ ವಾಪಸು ಬಂದು ಬ್ಯಾಡ್ಜು ಹುಡುಕಿಕೊಂಡರು. ಗ್ರಂಥಾಲಯ ಇಲಾಖೆಯ ಉಪನಿರ್ದೇಶಕರು ನದಿಯಿಂದ ನೇರ ವೇದಿಕೆಗೆ ಬಂದಿದ್ದರು, ಪ್ಯಾಂಟಿನ ಕಾಲು ಇನ್ನೂ ಮಡಚಿಕೊಂಡೇ ಇತ್ತು. ಬಡ್ತಿಯ ಪಟ್ಟಿಗೆ ಸಹಿ ಹಾಕುವವರು ಅವರೇ. ಡಾ. ಮಹೆಜಬೀನ ಅಡಿವೆಯ್ಯನನ್ನು ವೇದಿಕೆಗೆ ಕರೆದು, ಪರಿಷತ್ತಿನ ವತಿಯಿಂದ ಶಾಲು ಹೊದಿಸಿ, ತಾವು ಬರೆದ ನಿರ್ಣಯವನ್ನು ಓದಿದರು. ಮೊದಲ ಪುಟವೆಲ್ಲ ಅವನ ಹೊಗಳಿಕೆ. ಅಡಿವೆಯ್ಯ ಶಾಲಿನೊಳಗೆ ಹಿಗ್ಗಿದ. ಎರಡನೆಯ ಪುಟದಲ್ಲಿ ಒಂದೇ ವಾಕ್ಯವಿತ್ತು. ಓದುಗರ ಸರ್ವಾನುಮತದ ಕೋರಿಕೆಯಂತೆ, ಇಂಥ ಗ್ರಂಥಪಾಲಕರನ್ನು ಯಾವ ಕಾರಣಕ್ಕೂ ದಾಂಡೇಲಿಯಿಂದ ಕದಲಿಸಬಾರದೆಂದು ಈ ರಾಷ್ಟ್ರೀಯ ಪರಿಷತ್ತು ಇಲಾಖೆಯನ್ನು ಒತ್ತಾಯಿಸುತ್ತದೆ.

ಉಪನಿರ್ದೇಶಕರು ಒಳ್ಳೆಯ ಮನಸ್ಸಿನಲ್ಲಿದ್ದರು. ಮೈಕು ಹಿಡಿದು, ಧಾರವಾಡದ ಪಟ್ಟಿಯಲ್ಲಿ ಇವರ ಹೆಸರು ಇತ್ತು, ದೇವರು ದೊಡ್ಡವನು, ಸರಿಯಾದ ಹೊತ್ತಿಗೆ ತಿಳಿಯಿತು ಎಂದರು. ಓದುಗರ ಬೇರೆ ಬೇಡಿಕೆಯೇನಾದರೂ ಇದ್ದರೆ ಹೇಳಿ ಎಂದೂ ಕೇಳಿದರು. ಸಿದ್ದಕ್ಕ ಎದ್ದು ನಿಂತಳು.

ಸಂಜೆ ಟೆಂಪೊದ ಪಕ್ಕ ನಿಂತಿದ್ದಾಗ ಸಹನಾಳ ಫೋನು ಬಂತು. ಸರ್ಟಿಫಿಕೇಟು ಸಿಕ್ಕಿತೇ ಎಂದು ಕೇಳಿದಳು.

"ಇಲ್ಲ. ಶಾಲು ಹೊದಿಸಿದ್ರು."

"ಹೋಗ್ಲಿ ಬಿಡ್ರಿ. ನಾಳೆ ಸಂಜೀಕ ಹೊಂಟು ಬರ್ರಿ. ಸೋಮವಾರ ಸಾಲಿ ಮುಗಿಸಿ ಲಗೂನ ಬರ್ತೇನಿ, ಕೂತು ಮಾತಾಡೂಣು."

"ಇನ್ನ ಸೋಮವಾರಾನೂ ಲೈಬ್ರರಿ ತಗೀಬೇಕಂತ," ಎಂದ ಅಡಿವೆಯ್ಯ. "ಮಂದಿ ಕೇಳಿದ್ರು, ಸಾಹೇಬ್ರು ಹೂಂ ಅಂದ್ರು. ನನ್ನ ರಜಾ ಬುಧವಾರಕ್ಕ ಹೋತು."

ಟೆಂಪೊದ ಒಳಗಿನಿಂದ ಸಿದ್ದಕ್ಕ ಕತ್ತು ಹೊರಗೆ ಹಾಕಿದಳು. "ಯಾರ್ರಿ ಫೋನಿನ್ಯಾಗ, ನಮ್ಮ ಸಹನಾನ? ಏನೂ ಕಾಳಜಿ ಮಾಡಬ್ಯಾಡಂತ ಹೇಳ್ರಿ ಆಕಿಗೆ. ನಿಮ್ಮನ್ನ ನಾವು ಎಲ್ಲೀಗೂ ಬಿಟ್ಟು ಕೊಡೂದಿಲ್ಲ."

ಅದು ಧಾರವಾಡದವರೆಗೂ ಸ್ಪಷ್ಟವಾಗಿ ಕೇಳಿಸಿತು. ಫೋನು ಕಟ್ಟಾಯಿತು.